ಎಂಜಿನ್ ತಂಪಾಗಿದ್ದಷ್ಟೂ ಒಳ್ಳೆಯದೇ? ಮಾಡಿಫೈ ಮಾಡಿದ ಕಾರಿನ ಕೂಲೆಂಟ್ ಎಷ್ಟು ಬಿಸಿ ಇರಬೇಕು?

ಇಸಿಯು ರೀಮ್ಯಾಪ್ ಮಾಡಿಸಿ ಅಥವಾ ದೊಡ್ಡ ಟರ್ಬೊ ಕೂರಿಸಿ ಕಾರಿನ ಪವರ್ ಹೆಚ್ಚಿಸಿಕೊಂಡವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಇದು: "ಥರ್ಮೋಸ್ಟಾಟ್ ತೆಗೆಸಿಬಿಡಿ. ಅದು ಚಳಿ ದೇಶದ ಕಾರುಗಳಿಗೆ. ನಮ್ಮ ಬಿಸಿಲಿಗೆ ಎಂಜಿನ್ ತಂಪಾಗಿದ್ದಷ್ಟೂ ಬಾಳಿಕೆ." ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಬೇಸಿಗೆಯಲ್ಲಿ ಈ ಮಾತು ನಿಜವೆನಿಸುವುದು ಸಹಜ. ಆದರೆ ಇದನ್ನು ನಂಬಿದರೆ ಎಂಜಿನ್ ಬೇಗ ಸವೆಯುತ್ತದೆ, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು ಬಿಸಿಯಾಗುತ್ತದೆ. ಏಕೆಂದು ನೋಡೋಣ.

ಎಷ್ಟು ಡಿಗ್ರಿ ಸರಿ?

ಇಂದಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಕೂಲೆಂಟ್ 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಸಹಜ. ಮಾಡಿಫೈ ಮಾಡಿದ ಟರ್ಬೊ ಕಾರನ್ನು ಜೋರಾಗಿ ಓಡಿಸುವಾಗ 90ರಿಂದ 100 ಡಿಗ್ರಿಯ ಒಳಗಿದ್ದರೆ ನೆಮ್ಮದಿ. 110 ಮುಟ್ಟಿದರೆ ಆಕ್ಸಿಲರೇಟರ್ ಸಡಿಲಿಸಿ, ಎಸಿ ಆರಿಸಬೇಕು. ಅದನ್ನೂ ಮೀರಿ ಏರುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು. ಕೆಲವು ಹೊಸ ಕಾರುಗಳು ಇಂಧನ ಉಳಿಸಲೆಂದು ಬೇಕೆಂದೇ 105ರ ಆಸುಪಾಸಿನಲ್ಲಿ ಓಡುತ್ತವೆ. ಆದ್ದರಿಂದ ನಿಮ್ಮ ಕಾರಿನ ಕೈಪಿಡಿ ಹೇಳುವ ಅಂಕಿಯೇ ಕೊನೆಯ ಮಾತು.

ತೀರಾ ತಂಪಾದರೆ ಏನಾಗುತ್ತದೆ?

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ಗೂಡು ಬೇಯಿಸುವ ನೀರು ಸಾಕಷ್ಟು ಬಿಸಿ ಇಲ್ಲದಿದ್ದರೆ ಅಂಟು ಬಿಡುವುದಿಲ್ಲ, ಹೆಚ್ಚು ಬೆಂದರೆ ನೂಲು ಕೆಡುತ್ತದೆ. ಎಂಜಿನ್‌ಗೂ ಅಂಥದೇ ಒಂದು ಹದ ಇದೆ.

ಪಿಸ್ಟನ್, ಸಿಲಿಂಡರ್, ಬೇರಿಂಗ್‌ಗಳ ನಡುವಿನ ಸಂದುಗಳನ್ನು ಬಿಸಿಯಾದ ಲೋಹದ ಅಳತೆಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಂಜಿನ್ ತಣ್ಣಗಿದ್ದಾಗ ಆಯಿಲ್ ಮಂದವಾಗಿರುತ್ತದೆ. ಇಸಿಯು "ಎಂಜಿನ್ ಇನ್ನೂ ಬಿಸಿಯಾಗಿಲ್ಲ" ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಆಯಿಲ್‌ಗೆ ಸೇರುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಾವಿಯೂ ಆರದೆ ಅಲ್ಲೇ ನಿಲ್ಲುತ್ತದೆ. ಪರಿಣಾಮವಾಗಿ ಮೈಲೇಜ್ ಕುಸಿಯುತ್ತದೆ, ಹೊಗೆ ಹೆಚ್ಚುತ್ತದೆ, ಸವೆತ ಹೆಚ್ಚುತ್ತದೆ. ಮಾಗಡಿಯ ಚಳಿಗಾಲದ ಬೆಳಗ್ಗೆ ಗಾಡಿ ತೆಗೆದು ಎರಡನೇ ನಿಮಿಷಕ್ಕೇ ಟರ್ಬೊ ಪೂರ್ತಿ ಕೂಗಿಸುವುದು ಕೂಡ ಇದೇ ಕಾರಣಕ್ಕೆ ಕೆಟ್ಟದ್ದು. ಕೂಲೆಂಟ್ ಬಿಸಿಯಾದ ಮೇಲೂ ಆಯಿಲ್ ಬಿಸಿಯಾಗಲು ಇನ್ನಷ್ಟು ಸಮಯ ಬೇಕು.

ಅತಿಯಾದ ಬಿಸಿಯ ಅಪಾಯ ಬೇರೆ. ಸ್ಪಾರ್ಕ್‌ನಿಂದ ಹೊತ್ತಿದ ಜ್ವಾಲೆ ತಲುಪುವ ಮುನ್ನವೇ ಉಳಿದ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವ 'ನಾಕಿಂಗ್' ಹೆಚ್ಚುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಪವರ್ ಹೆಚ್ಚಿಸಿದ ಎಂಜಿನ್‌ನಲ್ಲಿ ಇವೆಲ್ಲ ಬೇಗ ಆಗುತ್ತವೆ, ಏಕೆಂದರೆ ಪೆಟ್ರೋಲ್‌ನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಶಾಖವಾಗಿ ಕೂಲೆಂಟ್‌ಗೇ ಸೇರುತ್ತದೆ. ಹೆಚ್ಚು ಪೆಟ್ರೋಲ್ ಉರಿಸಿದರೆ ಹೆಚ್ಚು ಶಾಖ ಹೊರಗೆ ಹಾಕಲೇಬೇಕು.

ಥರ್ಮೋಸ್ಟಾಟ್ ತೆಗೆದರೆ ಬಿಸಿ ಕಡಿಮೆಯಾಗುವುದಿಲ್ಲವೇ?

ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಪುಟ್ಟ ಕವಾಟ. ಹೆಚ್ಚಿನ ಕಾರುಗಳಲ್ಲಿ 80ರಿಂದ 92 ಡಿಗ್ರಿ ನಡುವೆ ಎಲ್ಲೋ ಒಂದು ಕಡೆ ಮೇಣ ಕರಗಿ ಹಿಗ್ಗಿ, ಕೂಲೆಂಟ್‌ಗೆ ರೇಡಿಯೇಟರ್ ದಾರಿ ತೆರೆಯುತ್ತದೆ. 100 ಡಿಗ್ರಿ ಮುಟ್ಟುವ ವೇಳೆಗೆ ಅದು ಸಾಮಾನ್ಯವಾಗಿ ಪೂರ್ತಿ ತೆರೆದೇ ಇರುತ್ತದೆ. ಅಂದರೆ ಎಂಜಿನ್ ಅತಿಯಾಗಿ ಬಿಸಿಯಾಗುವ ಹೊತ್ತಿನಲ್ಲಿ ಸುಸ್ಥಿತಿಯಲ್ಲಿರುವ ಥರ್ಮೋಸ್ಟಾಟ್ ಯಾವುದಕ್ಕೂ ಅಡ್ಡ ಬಂದಿರುವುದಿಲ್ಲ.

ಇನ್ನೊಂದು ವಿಷಯವಿದೆ. ಅನೇಕ ಎಂಜಿನ್‌ಗಳಲ್ಲಿ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುವ ಒಳದಾರಿ ಇರುತ್ತದೆ. ಥರ್ಮೋಸ್ಟಾಟ್ ತೆರೆದಾಗ ಆ ಒಳದಾರಿಯನ್ನು ಮುಚ್ಚುವುದೂ ಅದರದೇ ಕೆಲಸ. ಅದನ್ನು ತೆಗೆದರೆ ಒಳದಾರಿ ಸದಾ ತೆರೆದಿರುತ್ತದೆ, ಬಿಸಿ ಕೂಲೆಂಟ್‌ನ ಒಂದು ಭಾಗ ತಣಿಯದೆಯೇ ವಾಪಸ್ ಎಂಜಿನ್‌ಗೆ ಹೋಗುತ್ತದೆ. ಇಂಥ ಕಾರು ಹಗುರ ಓಟದಲ್ಲಿ ತೀರಾ ತಂಪಾಗಿದ್ದು, ಏರು ಹತ್ತುವಾಗ ಕುದಿಯುತ್ತದೆ.

ಟರ್ಬೊ ಎಂಜಿನ್‌ಗೆ ಕೆಲವು ಟ್ಯೂನರ್‌ಗಳು ಸ್ವಲ್ಪ ಬೇಗ ತೆರೆಯುವ ಥರ್ಮೋಸ್ಟಾಟ್ ಹಾಕುವುದುಂಟು. ಅದಕ್ಕೆ ತಕ್ಕಂತೆ ಇಸಿಯು ಹೊಂದಿಸಿದ್ದರೆ ತೊಂದರೆಯಿಲ್ಲ. ಆದರೆ ರೇಡಿಯೇಟರ್ ಚಿಕ್ಕದಾಗಿದ್ದರೆ ಇದರಿಂದ ಲಾಭವಿಲ್ಲ. ಏರುವ ಬಿಸಿ ಸ್ವಲ್ಪ ತಡವಾಗಿ ಏರುತ್ತದೆ, ಅಷ್ಟೆ.

ನೀರು ಸಾಕೇ, ಕೂಲೆಂಟ್ ಬೇಕೇ?

ಈ ನಾಲ್ಕೂ ಊರುಗಳು ಸಮುದ್ರಮಟ್ಟದಿಂದ ಸುಮಾರು 600ರಿಂದ 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಕಾರಿನಲ್ಲಿ ಅದನ್ನು ತಡೆಯುವುದು ರೇಡಿಯೇಟರ್ ಮುಚ್ಚಳ. ಅದು ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯುವುದಿಲ್ಲ. ಅರ್ಧ ಗ್ಲೈಕಾಲ್ ಬೆರೆತ ಕೂಲೆಂಟ್ ಆದರೆ ಇನ್ನೂ ಹೆಚ್ಚು ತಡೆಯುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿಸಿದರೂ ವ್ಯರ್ಥ. ಬೋರ್‌ವೆಲ್‌ನ ಗಡಸು ನೀರು ಹಾಕಿದರೆ ಒಳಗೆ ಬಿಳಿ ಪಾಚು ಕಟ್ಟಿ ಸಣ್ಣ ನಾಳಗಳು ಮುಚ್ಚುತ್ತವೆ. ಕೂಲೆಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಸರಿ.

ಎಲ್ಲಿ ಬಿಸಿಯಾಗುತ್ತದೆ ಎಂಬುದೇ ಸುಳಿವು

ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಎನ್ನುವುದು ಕೂಲೆಂಟ್‌ಗೂ ಗಾಳಿಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಕೂಲೆಂಟ್ 95 ಡಿಗ್ರಿ ಇದ್ದು ಹೊರಗೆ 25 ಇದ್ದರೆ ಅಂತರ 70. ಹೊರಗೆ 35 ಆದರೆ ಅಂತರ 60, ರೇಡಿಯೇಟರ್ ಬಿಡುವ ಶಾಖವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬೇಸಿಗೆಯ ಕಷ್ಟ ಇಷ್ಟೇ. ಉಳಿದ ಕಾರಣಗಳನ್ನು ರಸ್ತೆಯೇ ತೋರಿಸಿಕೊಡುತ್ತದೆ.

- ಬಿಡದಿ ಬಳಿಯ ಟೋಲ್ ಸಾಲಿನಲ್ಲಿ ನಿಂತಾಗ ಬಿಸಿಯೇರಿ, ಹೊರಟ ಮೇಲೆ ಇಳಿದರೆ: ಫ್ಯಾನ್, ಅದರ ರಿಲೇ ಅಥವಾ ಸೆನ್ಸರ್ ನೋಡಿಸಿ.
- ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗುವಾಗಲೇ ಏರಿದರೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು, ಕೂಲೆಂಟ್ ಕಡಿಮೆಯಿರಬಹುದು ಅಥವಾ ಗಾಳಿಗೆ ಅಡ್ಡಿಯಿರಬಹುದು. ದೊಡ್ಡ ಇಂಟರ್‌ಕೂಲರ್, ಹೆಚ್ಚುವರಿ ಲೈಟು, ಕಿತ್ತುಹಾಕಿದ ಒಳಗಿನ ಪ್ಲಾಸ್ಟಿಕ್ ಹಲಗೆಗಳನ್ನು ಗಮನಿಸಿ.
- ಸಂಗಮದಿಂದ ಕನಕಪುರಕ್ಕೆ ಎಸಿ ಹಾಕಿಕೊಂಡು ಏರು ಹತ್ತುವಾಗ ಮಾತ್ರ ಏರಿದರೆ: ಹೆಚ್ಚಿಸಿದ ಪವರ್‌ಗೆ ರೇಡಿಯೇಟರ್ ಸಾಲುತ್ತಿಲ್ಲ.

ಡ್ಯಾಶ್‌ಬೋರ್ಡ್‌ನ ಮುಳ್ಳನ್ನು ಪೂರ್ತಿ ನಂಬಬೇಡಿ. ಅನೇಕ ಕಾರುಗಳಲ್ಲಿ ಅದು 80 ಡಿಗ್ರಿಗೂ 100 ಡಿಗ್ರಿಗೂ ನಡುವಿನಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಕೆಲವು ಕಾರುಗಳಲ್ಲಿ ಬರೀ ನೀಲಿ, ಕೆಂಪು ದೀಪವಷ್ಟೇ ಇರುತ್ತದೆ. ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಚಿಕ್ಕ ಸಾಧನ ಚುಚ್ಚಿದರೆ ಮೊಬೈಲ್‌ನಲ್ಲೇ ನಿಜವಾದ ಅಂಕಿ ಸಿಗುತ್ತದೆ.

ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ

ಹೊಗೆಯಾಡುತ್ತಿರುವ ಬಾನೆಟ್ ಎತ್ತಿ, ಬಟ್ಟೆ ಹಿಡಿದು ಮುಚ್ಚಳ ತಿರುಗಿಸುವ ಅಭ್ಯಾಸವಿದೆ. ಒತ್ತಡ ಬಿಟ್ಟ ಕ್ಷಣವೇ ಕೂಲೆಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಕೈಗೆ ತಾಕುವಷ್ಟು ಆರುವವರೆಗೆ ಕಾಯಿರಿ, ಅರ್ಧ ಗಂಟೆಗಿಂತ ಹೆಚ್ಚೇ ಬೇಕಾಗಬಹುದು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಬೇಡ. ಕಣ್ಣು, ಮುಖ ಸುಟ್ಟಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಳೆಯ ಕೂಲೆಂಟನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ನಾಯಿ, ದನಕರು, ಮಕ್ಕಳ ಜೀವಕ್ಕೆ ಅಪಾಯ.

ಪವರ್ ಹೆಚ್ಚಿಸುವ ಮುನ್ನ ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಆದ್ದರಿಂದ ಏನನ್ನು ಬದಲಿಸಬಹುದು ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ನು ಬಿಸಿಯ ತೊಂದರೆಗೆ ಪರಿಹಾರ ಹುಡುಕುವವರು ಈ ಕ್ರಮದಲ್ಲಿ ಹೋಗಿ: ಮೊದಲು ಮುಚ್ಚಳ ಮತ್ತು ಕೂಲೆಂಟ್, ಆಮೇಲೆ ಫ್ಯಾನ್, ಆಮೇಲೆ ಗಾಳಿಯ ದಾರಿ, ಕೊನೆಗೆ ದೊಡ್ಡ ರೇಡಿಯೇಟರ್. ಥರ್ಮೋಸ್ಟಾಟ್ ಕೆಟ್ಟಿದ್ದರೆ ಹೊಸದು ಹಾಕಿಸಿ, ಆ ಜಾಗವನ್ನು ಖಾಲಿ ಬಿಡಬೇಡಿ.