ದಕ್ಷಿಣ ಆಫ್ರಿಕಾದಲ್ಲಿ ಗಾಂಜಾ: ರೂಢಿ, ದುಡಿಮೆ ಮತ್ತು ಕಾನೂನು

ಏಷ್ಯಾ ಮೂಲದ ಗಾಂಜಾ ಗಿಡವು ಹಿಂದೂ ಮಹಾಸಾಗರದ ವ್ಯಾಪಾರ ಮಾರ್ಗಗಳ ಮೂಲಕ ಆಫ್ರಿಕಾದ ಪೂರ್ವ ಕರಾವಳಿಯನ್ನು ತಲುಪಿ, ಅಲ್ಲಿಂದ ಕಾಲಕ್ರಮೇಣ ದಕ್ಷಿಣಕ್ಕೆ ಹರಡಿತು. ಜುಲು ಜನರು ಇದನ್ನು 'ಇನ್ಸಾಂಗು' ಎಂದು ಕರೆದು, ವಾಸದ ಹಟ್ಟಿಗಳ ಬಳಿಯಲ್ಲೇ ಬೆಳೆದು, ನೀರು ತುಂಬಿದ ಕೊಂಬಿನ ಮೂಲಕ ಹೊಗೆಯನ್ನು ಸೆಳೆಯುವ 'ಇಗುಡು' ಎಂಬ ಸಾಧನದಲ್ಲಿ ಸೇದುತ್ತಿದ್ದರು. ಇದು ಮುಖ್ಯವಾಗಿ ವಯಸ್ಸಾದ ಗಂಡಸರ ಕೂಟದ ರೂಢಿಯಾಗಿದ್ದು, ಯಾರು ಸೇದಬಹುದು, ಎಷ್ಟು ಸೇದಬಹುದು ಎಂಬುದಕ್ಕೆ ಹಿರಿಯರ ಅಂಕೆಯಿತ್ತು.

ಈ ಅಂಕೆಯನ್ನು ಸಡಿಲಿಸಿದ್ದು ದುಡಿಮೆಯ ಹೊಸ ವ್ಯವಸ್ಥೆ. 1867ರ ನಂತರ ಕಿಂಬರ್ಲಿಯಲ್ಲಿ ವಜ್ರ, 1886ರಲ್ಲಿ ವಿಟ್‌ವಾಟರ್ಸ್‌ರ‍್ಯಾಂಡ್‌ನಲ್ಲಿ ಚಿನ್ನ ದೊರೆತ ಮೇಲೆ, ಗುಡಿಸಲು ತೆರಿಗೆಯ ಹೊರೆಯಿಂದಲೂ 1913ರ ಭೂ ಕಾಯ್ದೆಯ ನಿರ್ಬಂಧದಿಂದಲೂ ನಗದು ಸಂಪಾದನೆ ಅನಿವಾರ್ಯವಾದ ಯುವಕರು ಗಣಿಗಳಿಗೆ ವಲಸೆ ಹೋಗಿ, 'ಕಾಂಪೌಂಡ್' ಎನ್ನಲಾದ, ಗೋಡೆ ಸುತ್ತಿದ ಕಾರ್ಮಿಕ ವಸತಿಗಳಲ್ಲಿ ಮನೆಮಂದಿಯಿಂದ ದೂರವಾಗಿ ಬದುಕತೊಡಗಿದರು. ಊರಿನ ಕೂಟದಲ್ಲಿದ್ದ ಗಾಂಜಾ ಅಲ್ಲಿ ದಣಿವು ಮರೆಸುವ ಸರಕಾಯಿತು. ಪೊಂಡೊಲ್ಯಾಂಡ್ ಮತ್ತು ಲೆಸೊಥೊದ ಬಡ ರೈತರಿಗೆ ಅದು ನಗದು ಬೆಳೆಯೂ ಆಯಿತು.

ಕಾನೂನಿನ ಮೊದಲ ಗುರಿಯಾದವರು ಆಫ್ರಿಕನ್ನರಲ್ಲ, ಭಾರತೀಯರು. 1860ರಿಂದ 1911ರವರೆಗೆ ಸುಮಾರು 1,52,000 ಭಾರತೀಯರು ಮದ್ರಾಸು ಮತ್ತು ಕಲ್ಕತ್ತಾ ಬಂದರುಗಳಿಂದ ನಟಾಲಿಗೆ ಕರಾರು ಕೂಲಿಗಳಾಗಿ, ಅಂದರೆ ನಿಗದಿತ ವರ್ಷಗಳ ದುಡಿಮೆಗೆ ಒಪ್ಪಂದದಿಂದ ಬದ್ಧರಾಗಿ ಹೋದರು. ಗಾಂಜಾ ಸೇದಿದ ಕೂಲಿಗಳು ಕೆಲಸಕ್ಕೆ ಒದಗುವುದಿಲ್ಲವೆಂಬ ದೂರಿನ ನಡುವೆ, 1870ರ ನಟಾಲ್ ಕಾಯ್ದೆ ಅವರಿಗೆ ಅದರ ಸೇವನೆಯನ್ನೂ ಮಾರಾಟವನ್ನೂ ನಿಷೇಧಿಸಿತು. 1922ರ ನಿಯಮಗಳು ಮತ್ತು 1928ರ ಕಾಯ್ದೆ ಈ ನಿಷೇಧವನ್ನು ದೇಶಕ್ಕೆಲ್ಲ ವಿಸ್ತರಿಸಿದವು. ವರ್ಣಭೇದದ ಸರ್ಕಾರ 1971ರಲ್ಲಿ ತಂದ ಕಾನೂನು ಇನ್ನೂ ಕಠಿಣವಾಗಿದ್ದು, 115 ಗ್ರಾಂ ಮೀರಿ ಇಟ್ಟುಕೊಂಡವನನ್ನು ಮಾರಾಟಗಾರನೆಂದೇ ಭಾವಿಸುವ ನಿಯಮವನ್ನು ಒಳಗೊಂಡಿತ್ತು. ಮುಂದಿನ ಕಾನೂನಿನಲ್ಲೂ ಉಳಿದ ಆ ನಿಯಮವನ್ನು ಸಂವಿಧಾನ ನ್ಯಾಯಾಲಯ 1995ರಲ್ಲಿ ರದ್ದುಪಡಿಸಿತು.

ವಯಸ್ಕರು ಖಾಸಗಿಯಾಗಿ ಗಾಂಜಾ ಬಳಸುವುದು ಅಪರಾಧವಲ್ಲವೆಂದು ಅದೇ ನ್ಯಾಯಾಲಯ 2018ರಲ್ಲಿ ತೀರ್ಪಿತ್ತು, 2024ರ ಕಾಯ್ದೆ ಅದಕ್ಕೆ ಶಾಸನದ ರೂಪ ನೀಡಿತು. ಹಿರಿಯರ ಅಂಕೆ ಕಳಚಿದ ಜಾಗದಲ್ಲಿ ಪೊಲೀಸರ ಅಂಕೆಯನ್ನು ಕೂರಿಸಿದ ಆಡಳಿತ, ಯುವಕರನ್ನು ಊರು ಬಿಡಿಸಿದ ತೆರಿಗೆ, ಭೂನೀತಿ ಮತ್ತು ಗಣಿ ವ್ಯವಸ್ಥೆಗಳನ್ನು ಚಟದ ಕಾರಣಗಳೆಂದು ಎಣಿಸಲೇ ಇಲ್ಲ. ಹೊಸ ಕಾಯ್ದೆಯೂ ಮಾರಾಟಕ್ಕೆ ಅನುಮತಿ ನೀಡದಿರುವುದರಿಂದ, ತಲೆಮಾರುಗಳಿಂದ ಇದನ್ನೇ ಬೆಳೆದು ಬದುಕಿದ ಪೊಂಡೊಲ್ಯಾಂಡ್ ರೈತರ ವ್ಯಾಪಾರಕ್ಕೆ ಅದರಿಂದ ರಕ್ಷಣೆ ಸಿಕ್ಕಿಲ್ಲ.