ಒಂದೇ ಒಂದು ಸೈನ್: ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಥೆ

ಈ ವಾರದ ಎಪಿಸೋಡ್ ಸ್ವಲ್ಪ ಪರ್ಸನಲ್.

2021ರಲ್ಲಿ ಒಂದು ಬೆಳಿಗ್ಗೆ ಅಮ್ಮನನ್ನ ಬೈಕಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿದ್ದು ನಾನೇ. ಮಾವ ಫೋನಲ್ಲಿ, "ಒಂದು ಸೈನ್ ಅಷ್ಟೇ ಅಕ್ಕ" ಅಂದಿದ್ರು. ಅಮ್ಮ ಸೈನ್ ಹಾಕಿದರು, ಹೆಬ್ಬೆಟ್ಟು ಕೊಟ್ಟರು. ಅರಿಶಿನ ಕುಂಕುಮ, ಒಂದು ಸೀರೆ, ಹೋಟೆಲಲ್ಲಿ ಊಟ. ಆ ಕಾಗದ ಹಕ್ಕು ಬಿಡುಗಡೆ ಪತ್ರ. ಬಿ.ಕಾಂ ಓದಿದ ನಾನು ಅದನ್ನ ಓದಿ ನೋಡಿರಲಿಲ್ಲ. ಆಮೇಲೆ ಓದಿದೆ. ಅಮ್ಮ ಬಿಟ್ಟುಕೊಟ್ಟ ಆ ಹಕ್ಕು ಬಂದಿದ್ದಾದರೂ ಯಾವಾಗ ಅಂತ ಹುಡುಕುತ್ತಾ ಹೋದೆ. ಅದೇ ಇವತ್ತಿನ ಕಥೆ.

ಕಥೆ ಶುರುವಾಗೋದು ನಮ್ಮ ಬಸವಕಲ್ಯಾಣದಲ್ಲೇ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಮುಂದೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಲೆಕ್ಕ ನಡೆದಿದ್ದು ಈ ಗ್ರಂಥದ ಮೇಲೆ. ಇದರಿಂದ ಬೆಳೆದ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಯ ಪಾಲು ಗಂಡುಮಗುವಿಗೆ ಹುಟ್ಟುತ್ತಲೇ ಸಿಗುತ್ತಿತ್ತು. ಹೆಣ್ಣುಮಗುವಿಗೆ ಇಲ್ಲ.

ಇದನ್ನ ಮೊದಲು ಸ್ವಲ್ಪ ಅಲುಗಾಡಿಸಿದ್ದು ಮೈಸೂರು ಸಂಸ್ಥಾನ. 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು ಬಂತು. ಮನೆ ಪಾಲಾಗುವಾಗ ಮದುವೆಯಾಗದ ಮಗಳಿಗೂ ಪಾಲು. ಎಷ್ಟು? ಅಣ್ಣನ ಪಾಲಿನ ನಾಲ್ಕನೇ ಒಂದು ಭಾಗ. ನಗಬೇಡಿ, ಆ ಕಾಲಕ್ಕೆ ಅದು ದೊಡ್ಡದೇ.

ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶಕ್ಕೆ ಒಂದು ಹಿಂದೂ ಕೋಡ್ ಬೇಕು ಅನ್ನೋ ಚರ್ಚೆ. ಅದರ ಕರಡಿಗೆ ಕೂತ ಸಮಿತಿಯ ಅಧ್ಯಕ್ಷರು ಮಂಗಳೂರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಆಮೇಲೆ ಮಸೂದೆಗಾಗಿ ಹೋರಾಡಿದ್ದು ಕಾನೂನು ಮಂತ್ರಿ ಅಂಬೇಡ್ಕರ್. ಮಸೂದೆ ಮುಂದಕ್ಕೆ ಹೋಗಲೇ ಇಲ್ಲ. 1951ರಲ್ಲಿ ಅವರು ಮಂತ್ರಿಗಿರಿಗೇ ರಾಜೀನಾಮೆ ಕೊಟ್ಟರು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಆದರೆ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳೀತು.

ನಮ್ಮಜ್ಜನ ಲೆಕ್ಕ ಹಾಕಿ ನೋಡಿ. ಆರು ಎಕರೆ ಜಮೀನು, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅಜ್ಜಿ ಮೊದಲೇ ತೀರಿಕೊಂಡಿದ್ದರು, ಅಜ್ಜ ವಿಲ್ ಬರೆದಿರಲಿಲ್ಲ. 1956ರ ಲೆಕ್ಕದಲ್ಲಿ ಮೊದಲು ಅಪ್ಪ-ಮಗನಿಗೆ ತಲಾ ಮೂರು. ಅಪ್ಪ ಹೋದಮೇಲೆ ಅವರ ಮೂರು ಎಕರೆ ಮಾತ್ರ ಮೂವರಿಗೆ ಸಮ. ಅಂದ್ರೆ ಮಗನಿಗೆ ನಾಲ್ಕು, ಹೆಣ್ಣುಮಕ್ಕಳಿಗೆ ಒಂದೊಂದು. ಮಗಳೂ ಹುಟ್ಟಿನಿಂದ ಪಾಲುದಾರಳಾಗಿದ್ದರೆ? ಮೂವರಿಗೂ ಎರಡೆರಡು.

ಆಂಧ್ರ, ತಮಿಳುನಾಡು ಇದನ್ನ 80ರ ದಶಕದಲ್ಲೇ ತಿದ್ದಿದವು. ನಮ್ಮ ತಿದ್ದುಪಡಿಯ ಹೆಸರಲ್ಲಿ 1990 ಅಂತಿದೆ, ಆದರೆ ಜಾರಿಗೆ ಬಂದಿದ್ದು 1994ರ ಜುಲೈ 30ಕ್ಕೆ. ಮಗಳಿಗೂ ಮಗನಷ್ಟೇ ಹಕ್ಕು, ಆದರೆ ಒಂದು ಕಂಡೀಷನ್: ಅಷ್ಟರೊಳಗೆ ಮದುವೆ ಆಗಿದ್ದರೆ ಇಲ್ಲ. ಅಮ್ಮನ ಮದುವೆ 1994ರ ಮೇ ತಿಂಗಳಲ್ಲಿ. ಚಿಕ್ಕಮ್ಮನ ಮದುವೆ 1997ರಲ್ಲಿ. ಒಂದೇ ತಾಯಿಯ ಮಕ್ಕಳು, ಮಧ್ಯೆ ಕಾನೂನು ಎಳೆದ ಗೆರೆ. ಎರಡೂವರೆ ತಿಂಗಳಿಂದ ಅಮ್ಮ ಹೊರಗೆ.

2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು. ಮದುವೆಯ ಕಂಡೀಷನ್ ಹೋಯ್ತು, ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು. ಮುಗೀತಾ? ಇಲ್ಲ. 2015ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ, ಆ ದಿನ ಅಪ್ಪ ಬದುಕಿದ್ದರೆ ಮಾತ್ರ ಈ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಜ್ಜ ತೀರಿಕೊಂಡಿದ್ದು 2003ರಲ್ಲಿ. ಅಮ್ಮ ಮತ್ತೆ ಹೊರಗೆ. 2020ರ ಆಗಸ್ಟ್ 11ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನ ಬದಲಿಸಿತು: ಹಕ್ಕು ಬರೋದು ಹುಟ್ಟಿನಿಂದ, ಅಪ್ಪ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಮಾತ್ರ ಅದನ್ನ ಮತ್ತೆ ತೆರೆಯೋ ಹಾಗಿಲ್ಲ. ನಮ್ಮಲ್ಲಿ ಪಾಲೇ ಆಗಿರಲಿಲ್ಲ.

ಅಂದ್ರೆ ಅಮ್ಮನಿಗೆ ಎರಡು ಎಕರೆ ನಿಕ್ಕಿಯಾಗಿದ್ದು 2020ರಲ್ಲಿ. ಮಾವನ ಫೋನ್ ಬಂದಿದ್ದು ಮರುವರ್ಷ. ಈಗ ಅರ್ಥ ಆಯ್ತಲ್ವಾ, ಆ ಸೈನ್ ಯಾಕೆ ಬೇಕಿತ್ತು ಅಂತ? ಹಕ್ಕೇ ಇಲ್ಲದವರಿಂದ ಯಾರೂ ಬಿಡುಗಡೆ ಪತ್ರ ಬರೆಸಿಕೊಳ್ಳಲ್ಲ.

ಚಿಕ್ಕಮ್ಮ ಸೈನ್ ಹಾಕಲಿಲ್ಲ. ಅವರ ಕೇಸು ನಡೀತಿದೆ. ಊರ ಹಬ್ಬಕ್ಕೆ ಅವರನ್ನ ಈಗ ಕರೆಯಲ್ಲ. ಅಮ್ಮನನ್ನ ಕರೀತಾರೆ, ಉಡಿ ತುಂಬಿ ಕಳಿಸ್ತಾರೆ. ಓದದೆ ಯಾಕೆ ಸೈನ್ ಹಾಕಿದ್ರಿ ಅಂತ ಒಮ್ಮೆ ಕೇಳಿದೆ. "ಓದಿದ್ದೆ ಕಣೋ. ತವರಿಗೆ ಹೋಗಿ ಬರೋಕೆ ಒಂದು ಬಾಗಿಲು ಬೇಕಲ್ಲ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಎರಡೆರಡು ಎಕರೆ ಅಂತ ಕಾನೂನು ಬರೆದಿಟ್ಟಿದೆ. ಆ ಬಾಗಿಲಿನ ಬೆಲೆ ಎಷ್ಟು ಅಂತ ಯಾವ ಕಾಯ್ದೆಯಲ್ಲೂ ಇಲ್ಲ. ತಮ್ಮನಿಗೆ ಈ ಬೆಲೆ ಯಾವತ್ತೂ ಕಟ್ಟಬೇಕಾಗಿ ಬರಲಿಲ್ಲ, ಅಕ್ಕ-ತಂಗಿಗೆ ಮಾತ್ರ ಬಂತು.

ನನಗೂ ಒಬ್ಬ ತಂಗಿ ಇದ್ದಾಳೆ. ನಮ್ಮಪ್ಪನ ಕಡೆಯ ಸೈಟಿನ ಪೇಪರ್ ಹೋದ ವಾರ ಅವಳ ಜೊತೆ ಕೂತು ಓದಿದೆ. ನೀವೂ ಒಂದು ಕೆಲಸ ಮಾಡಿ. ಮನೇಲಿ ಅಮ್ಮ, ಅತ್ತೆ, ಚಿಕ್ಕಮ್ಮ ಯಾರಾದ್ರೂ ಇದ್ದರೆ ಕೇಳಿ, ಎಲ್ಲಿ ಯಾವ ಕಾಗದಕ್ಕೆ ಸೈನ್ ಹಾಕಿದ್ರಿ ಅಂತ. ಮುಂದಿನ ವಾರ ಸಿಗೋಣ, ನಮಸ್ಕಾರ.