ಉಮಾಮಹೇಶ್ವರ ವರಹ: ಬಿಂಬ ಮತ್ತು ಪ್ರಭುತ್ವ

ನಾಣ್ಯದ ಮೇಲಿನ ದೇವತಾಬಿಂಬವು ಅರಸನ ಮತವನ್ನು ಸೂಚಿಸುತ್ತದೆಂಬ ಗ್ರಹಿಕೆ ರೂಢಿಯಲ್ಲಿದೆ. ಉಮಾಮಹೇಶ್ವರ ವರಹದ ಚರಿತ್ರೆಯನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಆ ಗ್ರಹಿಕೆಯನ್ನು ಪರಿಶೀಲಿಸುತ್ತೇವೆ.

ಸುಮಾರು 3.4 ಗ್ರಾಂ ತೂಕದ ಈ ವರಹವನ್ನು, ಎರಡು ಅಚ್ಚುಗಳ ನಡುವೆ ಚಿನ್ನದ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಟಂಕಿಸುತ್ತಿದ್ದರು. ಮುಮ್ಮುಖದಲ್ಲಿ ಆಸೀನರಾದ ಶಿವಪಾರ್ವತಿಯರು. ಹಿಮ್ಮುಖದಲ್ಲಿ ಅರಸನ ಹೆಸರು. ವಿಜಯನಗರದ ಎರಡನೆಯ ಹರಿಹರನ (1377–1404) ಕಾಲದಲ್ಲಿಯೇ ಕಾಣುವ ಈ ಬಿಂಬವನ್ನು ಇಕ್ಕೇರಿಯ ನಾಯಕರು ಮುಂದುವರಿಸಿದರು. ಹಿಮ್ಮುಖಕ್ಕೆ ನಾಗರಿ ಲಿಪಿಯ 'ಶ್ರೀ ಸದಾಶಿವ' ಬಂದಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರನ್ನು ಅಳಿಸಲಿಲ್ಲ. ಹಿಮ್ಮುಖದ ಚುಕ್ಕಿಗಳ ನಡುವೆ ತನ್ನ ಹೆಸರಿನ ಅರಬ್ಬೀ ಮೊದಲಕ್ಷರವನ್ನಷ್ಟೇ ಇರಿಸಿದನು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಅದೇ ದೇವದಂಪತಿಗಳು. ಹಿಂದೆ ನಾಗರಿಯಲ್ಲಿ 'ಶ್ರೀ ಕೃಷ್ಣರಾಜ'. ಮದರಾಸಿನ ಇಂಗ್ಲಿಷ್ ಕಂಪನಿ ಕೂಡ ತನ್ನ ನಕ್ಷತ್ರ ವರಹದ ಮೇಲೆ ಸ್ವದೇಶದ ದೊರೆಯ ಮುಖವನ್ನಲ್ಲ, ವಿಷ್ಣುವಿನ ರೂಪವನ್ನೇ ಒತ್ತಿಸಿತು.

ಪ್ರಭುತ್ವ ಬದಲಾದಾಗ ಬದಲಾದುದು ಹಿಮ್ಮುಖ. ಉಳಿದುದು ಪೇಟೆ ಗುರುತಿಸಬಲ್ಲ ಮುಖ. ಆದುದರಿಂದ ಬಿಂಬವನ್ನು ಅರಸನ ಭಕ್ತಿಗಿಂತ ಮೊದಲು ವರ್ತಕನ ವಿಶ್ವಾಸದ ಸಾಕ್ಷ್ಯವಾಗಿ ಓದುವುದು ಉಚಿತವೆಂದು ನಾವು ಭಾವಿಸುತ್ತೇವೆ. ಹೊರನಾಡಿನ ಸಂಗ್ರಹಗಳಲ್ಲಿ ಇಂತಹ ವರಹಗಳನ್ನು ಪರಿಶೀಲಿಸುವವರು ಕಾಲನಿರ್ಣಯಕ್ಕೆ ಹಿಮ್ಮುಖವನ್ನೇ ಮೊದಲು ನೋಡಬೇಕು.